ಮುಮ್ಮಡಿಯವರ ಎಲೆ ಸೈನ್ಯವೂ, ನನ್ನ ಸೋದರಳಿಯನ ಮೊಬೈಲೂ...

ದಸರಾ ರಜೆಗೆ ಅಂತ ಅಕ್ಕ ಮಗನನ್ನು ಕರ್ಕೊಂಡು ಬೆಂಗಳೂರಿಂದ ಬಂದಿದ್ದಳು. ಹುಡುಗನಿಗೆ ದೀಪಾಲಂಕಾರ ತೋರಿಸೋಣ, ವಸ್ತುಪ್ರದರ್ಶನದಲ್ಲಿ ಮೆಣಸಿನಕಾಯಿ ಬಜ್ಜಿ ಕೊಡಿಸೋಣ ಅಂತ ನಾನು ಆಫೀಸಿಗೆ ಎರಡು ದಿನ ರಜೆ ಹಾಕಿ ಕೂತಿದ್ದರೆ ಈ ಮಹಾಶಯ ಸೋಫಾ ಬಿಟ್ಟು ಏಳಲೇ ಇಲ್ಲ. ಎಂಟನೇ ಕ್ಲಾಸಿನ ಹುಡುಗ. ಮೊಬೈಲಿನಲ್ಲಿ ಯಾವುದೋ ಇಸ್ಪೀಟಿನ ಯುದ್ಧ. ಇಸ್ಪೀಟು ಅಂದರೆ ನಮ್ಮ ಕತ್ತೆ, ರಮ್ಮಿ ಥರದ್ದಲ್ಲ. ಒಂದೊಂದು ಎಲೆಯೂ ಒಬ್ಬ ಸೈನಿಕ, ಅವನಿಗೆ ಇಷ್ಟು ಬಲ, ಇಷ್ಟು ಪ್ರಾಣ ಅಂತ ಅಂಕಿ ಬರೆದಿರುತ್ತೆ. ಎದುರಾಳಿಯ ಎಲೆಗಳ ಮೇಲೆ ನಮ್ಮ ಎಲೆಗಳನ್ನು ನುಗ್ಗಿಸಬೇಕು.

"ಮಾಮ, ಒಂದು ಕೈ ಆಡ್ತೀಯಾ?" ಅಂದ. ಇಂಜಿನಿಯರಿಂಗ್ ಓದಿ ಆರು ವರ್ಷದಿಂದ ಸಾಫ್ಟ್‌ವೇರ್ ಬರೀತಿರೋನು ನಾನು, ಇವನ ಮುಂದೆ ಹೆದರೋದೇ ಅಂತ ಕೂತೆ. ಐದು ಆಟ ಸೋತೆ. ಐದೂ ಬೇಗ ಬೇಗ :(

ಆರನೇ ಆಟದಲ್ಲಿ ಅವನಿಗೇ ನನ್ನ ಮೇಲೆ ಕನಿಕರ ಬಂತು. "ಮಾಮ, ನೀನು ಎಲ್ಲರಿಗೂ ಒಂದೊಂದು ಏಟು ಹೊಡೀತೀಯ. ಯಾರೂ ಸಾಯಲ್ಲ. ಒಬ್ಬನನ್ನ ಹಿಡ್ಕೋ, ಅವನು ಹೋಗೋ ತನಕ ಬಿಡಬೇಡ" ಅಂದ. ಅಷ್ಟೇ ಉಪದೇಶ.

ರಾತ್ರಿ ಊಟ ಆದ ಮೇಲೆ ಕಾಗದದಲ್ಲಿ ಲೆಕ್ಕ ಹಾಕಿದೆ (ನಮ್ಮ ಜಾತಿಯ ಚಾಳಿ ಅದು). ನನ್ನ ಬಳಿ 2 ಎಲೆ, ಒಂದೊಂದಕ್ಕೂ 5 ಬಲ. ಎದುರಾಳಿಯ ಬಳಿ 2 ಎಲೆ, ಒಂದೊಂದಕ್ಕೆ 10 ಪ್ರಾಣ, 3 ಬಲ. ನಾನು ಇಬ್ಬರಿಗೂ ಒಂದೊಂದು ಹೊಡೆದರೆ ಇಬ್ಬರೂ 5 ಪ್ರಾಣ ಇಟ್ಟುಕೊಂಡು ಬದುಕಿರುತ್ತಾರೆ, ಇಬ್ಬರೂ ತಿರುಗಿ ಹೊಡೆಯುತ್ತಾರೆ, ನನಗೆ 6 ಪೆಟ್ಟು. ಮುಂದಿನ ಸರದಿಯಲ್ಲಿ ಇಬ್ಬರೂ ಹೋಗುತ್ತಾರೆ. ಅದೇ ಎರಡೂ ಏಟನ್ನು ಒಬ್ಬನ ಮೇಲೇ ಹಾಕಿದರೆ ಅವನು ಆಗಲೇ ಖಲಾಸ್. ಉಳಿದ ಒಬ್ಬನಿಂದ ನನಗೆ 3 ಪೆಟ್ಟು, ಮುಂದಿನ ಸರದಿಯಲ್ಲಿ ಅವನೂ ಇಲ್ಲ. ನಾನು ಹೊಡೆದ ಏಟುಗಳು ಎರಡು ಕಡೆಯೂ ನಾಲ್ಕೇ. ತಿಂದ ಪೆಟ್ಟು ಮಾತ್ರ ಅರ್ಧಕ್ಕರ್ಧ! ಅರ್ಧ ಪ್ರಾಣ ಹೋದ ಸೈನಿಕನೂ ಪೂರ್ತಿ ಬಲದಿಂದಲೇ ಹೊಡೀತಾನೆ ಅನ್ನೋದು ಈ ಲೆಕ್ಕದ ಗುಟ್ಟು.

ಇದೇ ಲೆಕ್ಕವನ್ನು ದೊಡ್ಡದಾಗಿ ಮಾಡಿದವನು ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಇಂಗ್ಲೆಂಡಿನ ಇಂಜಿನಿಯರು, ಕಾರು ತಯಾರಿಸಿದವನು. 1916ರಲ್ಲಿ ಯುದ್ಧವಿಮಾನಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ವರ್ಗನಿಯಮ ಅಂತ ಒಂದಿದೆ. ದೂರದಿಂದ ಗುರಿಯಿಟ್ಟು ಹೊಡೆಯುವ ಯುದ್ಧದಲ್ಲಿ ಸೈನ್ಯದ ಶಕ್ತಿ ಅದರ ಸಂಖ್ಯೆಯ ವರ್ಗದ ಹಾಗೆ ಬೆಳೆಯುತ್ತೆ. 1000 ಜನರ ಎದುರಿಗೆ 1000 ಜನ ನಿಂತರೆ ಸಮಸಮ. ಎದುರಿನವರನ್ನು 500, 500 ಅಂತ ಒಡೆದು ಒಂದಾದ ಮೇಲೊಂದರಂತೆ ಎದುರಿಸಿದರೆ? ಮೊದಲ ಕಾಳಗದ ಕೊನೆಗೆ ನಮ್ಮವರು 866 ಜನ, ಎರಡನೆಯದರ ಕೊನೆಗೆ 707 ಜನ ಉಳಿದಿರುತ್ತಾರೆ. 1805ರ ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಹಾಕಿದ್ದ ಯೋಜನೆಯನ್ನೂ ಲ್ಯಾಂಚೆಸ್ಟರ್ ಇದೇ ಸೂತ್ರದಲ್ಲಿ ಬಿಡಿಸಿ ನೋಡಿದ್ದಾನೆ.

ಹೊಸಬರು ಒಂದೆರಡು ವಿಷಯ ಗಮನದಲ್ಲಿಟ್ಟುಕೊಳ್ಳಬೇಕು (ಅಳಿಯ ಹೇಳಿದ್ದು, ನಾನು ಬರೆದುಕೊಂಡಿದ್ದು). ಮೊದಲ ಗುರಿ ದೊಡ್ಡ ಮೀಸೆಯವನಲ್ಲ. ಪ್ರಾಣ ಕಡಿಮೆ, ಬಲ ಜಾಸ್ತಿ ಇರೋನು. ಇನ್ನೊಂದು, 2 ಪ್ರಾಣ ಇರೋನ ಮೇಲೆ 10ರ ಏಟು ಹಾಕಿದರೆ 8 ನೀರಿಗೆ ಹೋದ ಹಾಗೆ. ಗುರಿ ಒಂದೇ ಇರಬೇಕು ನಿಜ, ಆದರೆ ಎಲ್ಲಾ ಬಲವನ್ನೂ ಅಲ್ಲೇ ಸುರಿಯಬೇಕು ಅಂತಲ್ಲ.

ಅಂಗಡಿಯಲ್ಲಿ ಎಲೆ ಕೊಂಡು ಕೂಡಿಸಿಕೊಂಡು ಯುದ್ಧ ಆಡುವ ಈ ವಂಶಕ್ಕೆ ಮೂಲಪುರುಷ 1993ರ 'ಮ್ಯಾಜಿಕ್: ದಿ ಗ್ಯಾದರಿಂಗ್'. ಮಾಡಿದವನು ರಿಚರ್ಡ್ ಗಾರ್ಫೀಲ್ಡ್, ಗಣಿತದವನು. ಅಲ್ಲಿ ಆಟಗಾರನಿಗೆ 20 ಪ್ರಾಣ. 'ಲೈಟ್ನಿಂಗ್ ಬೋಲ್ಟ್' ಅನ್ನೋ ಒಂದು ಅಗ್ಗದ ಎಲೆ 3 ಪೆಟ್ಟು ಕೊಡುತ್ತೆ. ಆ ಥರದ 7 ಎಲೆ ನೇರ ಎದುರಾಳಿಯ ತಲೆಗೇ ಹಾಕಿದರೆ 21, ಆಟ ಮುಗೀತು. 1996ರಲ್ಲಿ ಪಾಲ್ ಸ್ಲೈ ಅನ್ನೋ ಆಟಗಾರ ಅಟ್ಲಾಂಟಾದ ಒಂದು ಅರ್ಹತಾ ಪಂದ್ಯಕ್ಕೆ ಇಂಥದ್ದೇ ಸಣ್ಣಪುಟ್ಟ ಕೆಂಪು ಎಲೆಗಳ ಕಟ್ಟು ತಂದ. ಕಟ್ಟಿನ ಯೋಚನೆ ಜೇ ಷ್ನೈಡರ್ ಎಂಬುವನದು. ದೊಡ್ಡ ರಾಕ್ಷಸರು ಯಾರೂ ಇಲ್ಲದ ಆ ಕಟ್ಟು ಮೇಲಿನವರೆಗೂ ಹೋಯಿತು. ಇವತ್ತಿಗೂ ಆ ಬಗೆಯ ಕಟ್ಟಿಗೆ 'ಸ್ಲೈ' ಅಂತಲೇ ಹೆಸರು. 2014ರಲ್ಲಿ ಬಂದ ಹಾರ್ತ್‌ಸ್ಟೋನ್‌ನಲ್ಲೂ ಅಷ್ಟೇ. ಪ್ರಾಣ 30, ಕಟ್ಟಿನಲ್ಲಿ 30 ಎಲೆ, ಹೊಸಬರು ಮೊದಲು ಕಲಿಯೋದು ಈ ನುಗ್ಗುವ ಆಟವನ್ನೇ.

ಇಷ್ಟು ಹೊತ್ತಿಗೆ ನನ್ನ ತಲೆಗೆ ಹುಳ ಬಿಟ್ಟಾಗಿತ್ತು. ಎಲೆಗಳಲ್ಲಿ ಸೈನ್ಯ ಕಟ್ಟೋ ಈ ಕಲ್ಪನೆ ಅಮೆರಿಕದಿಂದ ಬಂದಿದ್ದಾ? ಅಲ್ಲ ಸ್ವಾಮಿ. ನಮ್ಮ ಕಡೆ ಅದು ಎಷ್ಟು ಹಳೇದು ಅಂದರೆ, ಅಕ್ಬರನ ಆಸ್ಥಾನದ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ಒಂದು ಕಟ್ಟಿನ ವಿವರ ಕೊಡುತ್ತಾನೆ. 12 ಬಣ್ಣ, ಬಣ್ಣಕ್ಕೆ 12 ಎಲೆ, ಒಟ್ಟು 144. ಒಂದೊಂದು ಬಣ್ಣವೂ ಒಬ್ಬೊಬ್ಬ ಒಡೆಯ. ಕುದುರೆಗಳ ಒಡೆಯ ಅಶ್ವಪತಿ, ಆನೆಗಳ ಒಡೆಯ ಗಜಪತಿ, ಹಡಗುಗಳ ನೌಕಾಪತಿ, ಕೋಟೆಗಳ ಗಢಪತಿ, ಹಾವುಗಳ ಅಹಿಪತಿ... ಅಶ್ವಪತಿ ದೆಹಲಿಯ ದೊರೆಯ ಹಾಗೆ ಕುದುರೆ ಮೇಲೆ. ಗಜಪತಿ ಒರಿಸ್ಸಾದವನ ಹಾಗೆ. ಕಾಲಾಳುಗಳ ಒಡೆಯ ನರಪತಿ ಯಾರ ಹಾಗೆ ಗೊತ್ತಾ? ಬಿಜಾಪುರದ ದೊರೆಯ ಹಾಗೆ! ನಮ್ಮ ಗೋಲಗುಂಬಜದ ಊರಿನವರು ದೆಹಲಿಯ ಎಲೆಯಾಟದಲ್ಲಿ ಕಾಲಾಳುಗಳ ಸೈನ್ಯವಾಗಿ ನಿಂತಿದ್ದರು. ಅದಕ್ಕೂ ಮುಂಚೆ ವಿಜಯನಗರದ ಅರಸರಿಗೂ ನರಪತಿ ಅನ್ನೋ ಬಿರುದಿತ್ತು.

ಈ ಆಟಕ್ಕೆ ಗಂಜೀಫಾ ಅಂತ ಹೆಸರು. 1527ರಲ್ಲಿ ಬಾಬರ್ ಒಂದು ಕಟ್ಟನ್ನು ಸಿಂಧ್‌ಗೆ ಕಳಿಸಿದ್ದನ್ನು ತಾನೇ ಬರೆದುಕೊಂಡಿದ್ದಾನೆ. ಎಲೆಗಳು ಹೆಚ್ಚಾಗಿ ದುಂಡಗಿರುತ್ತವೆ. ದೊರೆಗಳಿಗೆ ದಂತದ್ದು, ಆಮೆಚಿಪ್ಪಿನದು. ನಮ್ಮಂಥವರಿಗೆ ಬಟ್ಟೆಗೋ ಕಾಗದಕ್ಕೋ ಹುಣಸೆಬೀಜದ ಅಂಟು ಹಚ್ಚಿ, ಒಣಗಿಸಿ, ಬಣ್ಣ ಬರೆದು, ಅರಗಿನ ಮೆರುಗು ಕೊಟ್ಟಿದ್ದು. ಹೆಚ್ಚು ಬಳಕೆಯಲ್ಲಿದ್ದ ಕಟ್ಟಿನಲ್ಲಿ 8 ಬಣ್ಣ, 96 ಎಲೆ. ದಶಾವತಾರದ ಕಟ್ಟಿನಲ್ಲಿ 10 ಬಣ್ಣ, 120 ಎಲೆ.

ಈಗ ಮೈಸೂರಿಗೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹುಟ್ಟಿದ್ದು 1794ರಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಐದು ವರ್ಷದ ಮಗುವನ್ನು ಪಟ್ಟಕ್ಕೆ ಕೂರಿಸಿದರು. ನಗರದ ದಂಗೆ ಎದ್ದಾಗ ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಆಡಳಿತವನ್ನು ಕಿತ್ತುಕೊಂಡಿತು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷ ಅವರು ಹೆಸರಿಗೆ ದೊರೆ. ರಾಜ್ಯ ನೋಡಿಕೊಳ್ಳುತ್ತಿದ್ದವರು ಬೆಂಗಳೂರಿನಲ್ಲಿದ್ದ ಕಬ್ಬನ್ ಥರದ ಕಮಿಷನರ್‌ಗಳು. ವಾಪಸ್ ಕೊಡಿ ಅಂತ ಪತ್ರದ ಮೇಲೆ ಪತ್ರ ಬರೆದರು, ಕೊಡಲಿಲ್ಲ. ರಾಜ್ಯ ತಿರುಗಿ ಬಂದಿದ್ದು 1881ರಲ್ಲಿ, ದತ್ತುಮಗನ ಕಾಲಕ್ಕೆ.

ಆ 37 ವರ್ಷ ಒಬ್ಬ ದೊರೆ ಏನು ಮಾಡಬೇಕು? ಇವರು ಕವಿಗಳನ್ನು ಸಾಕಿದರು, ಪುಸ್ತಕ ಬರೆಸಿದರು, ಮತ್ತೆ ಆಟ ಕಟ್ಟಿದರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು, ಅದರಲ್ಲೂ ಮಾಯಾಚೌಕದ ಲೆಕ್ಕ ಸೇರಿಸಿ ಕಂಡುಹಿಡಿದವರು ಅಂತ ಗಣಿತದವರು ಈಗಲೂ ನೆನೆಯುತ್ತಾರೆ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಮೇಲಿನ ಗೋಡೆಗಳ ಮೇಲೆ ಆಟದ ಪಟಗಳನ್ನೇ ಬರೆಸಿದ್ದಾರೆ. ಸ್ಕೂಲಿನಲ್ಲಿದ್ದಾಗ ಟ್ರಿಪ್ ಅಂತ ಅಲ್ಲಿಗೆ ಕರ್ಕೊಂಡು ಹೋಗಿದ್ದರು. ನಾವೆಲ್ಲ ಫ್ರೆಂಚ್ ಗಡಿಯಾರದ ಗೊಂಬೆ ಸಿಪಾಯಿಗಳನ್ನು ನೋಡೋಕೆ ಓಡಿದ್ದೆವು, ಗೋಡೆ ಕಡೆ ತಿರುಗಿಯೂ ನೋಡಿರಲಿಲ್ಲ.

ಅವರ ಆಶ್ರಯದಲ್ಲಿ ಆದ ದೊಡ್ಡ ಚಿತ್ರಗ್ರಂಥ 'ಶ್ರೀತತ್ತ್ವನಿಧಿ'. ಅದರಲ್ಲಿ ಒಂಬತ್ತು ನಿಧಿಗಳು, ಕೊನೆಯದು ಕೌತುಕನಿಧಿ. ಈ ಕೌತುಕನಿಧಿಯ ಕಥೆ ಕೇಳಿ. ಇದರಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ನಾರ್ಮನ್ ಶೋಮನ್ ಎಂಬುವರು 1996ರಲ್ಲಿ ಅವನ್ನು ಪುಸ್ತಕವಾಗಿ ತಂದ ಮೇಲೆ ಜಗತ್ತಿನ ಯೋಗದವರೆಲ್ಲ ಆ ಚಿತ್ರಗಳ ಮೇಲೆ ವಾದ ಮಾಡಿದರು, ಇನ್ನೂ ಮಾಡುತ್ತಿದ್ದಾರೆ. ಗೋಕುಲಂನಲ್ಲಿ ಚಾಪೆ ಸುತ್ತಿಕೊಂಡು ಓಡಾಡೋ ವಿದೇಶೀಯರಿಗೂ ಇದರ ಹೆಸರು ಗೊತ್ತು. ಅದೇ ಕೌತುಕನಿಧಿಯಲ್ಲಿ, ಅದೇ ದೊರೆ ಕಟ್ಟಿದ ಎಲೆಯಾಟಗಳೂ ಬಣ್ಣದ ಚಿತ್ರಗಳ ಸಮೇತ ಇವೆ. ಅದು ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ ಅನ್ನಿ.

ಆ ಆಟಗಳಿಗೆ ಛದ ಅಂತ ಹೆಸರು. ಸಂಸ್ಕೃತದಲ್ಲಿ ಛದ ಅಂದರೆ ಎಲೆ. ನಾವೂ ಇಸ್ಪೀಟ್ ಎಲೆ ಅಂತಲೇ ಅಂತೀವಲ್ಲ! ಸಾಮಾನ್ಯವಾಗಿ ಒಂದು ಬಣ್ಣದಲ್ಲಿ 12 ಅಂಕಿಯ ಎಲೆ, 6 ದರ್ಬಾರಿನ ಎಲೆ. ಗಂಜೀಫಾದಲ್ಲಿ ದರ್ಬಾರಿನವರು ರಾಜ, ಮಂತ್ರಿ ಇಬ್ಬರೇ. ಬಣ್ಣಗಳಿಗೆ ದೇವದೇವತೆಗಳು, ಚಾಮುಂಡೇಶ್ವರಿಯ ಹೆಸರಿನದೇ ಒಂದು ಆಟ. ಕೆಲವು ಆಟಗಳಲ್ಲಿ 18 ಬಣ್ಣ. ದೊಡ್ಡ ಕಟ್ಟಿನಲ್ಲಿ 360 ಎಲೆ! ಇದರ ಜೊತೆಗೆ ಯಾವಾಗಲೂ ತುರುಪಾಗಿಯೇ ಇರುವ ಬಣ್ಣಗಳು, ಯಾವ ಎಲೆಯ ಜಾಗಕ್ಕಾದರೂ ನಿಲ್ಲುವ ಜೋಕರ್ ಥರದ ಎಲೆಗಳು. ಕೈಯಲ್ಲಿ ಹಿಡಿಯೋದು ಹೇಗೆ ಅಂತಲೇ ನನ್ನ ಚಿಂತೆ.

ಈ ಆಟಗಳು ಅರಮನೆಯ ಗೋಡೆ ದಾಟಿ ಹೋಗಲೇ ಇಲ್ಲ. ಊರಿನಲ್ಲಿ ಹರಡಲಿಲ್ಲ. 1973ರಲ್ಲಿ ಇವುಗಳ ಬಗ್ಗೆಯೇ ಪುಸ್ತಕ ಬರೆದವರು ಬೊಂಬಾಯಿಯಲ್ಲಿ ಬಹುಕಾಲ ಇದ್ದ ಕಲಾವಿಮರ್ಶಕ ರುಡಾಲ್ಫ್ ಫಾನ್ ಲೇಡನ್, ಜರ್ಮನಿಯಲ್ಲಿ ಹುಟ್ಟಿದವರು. ಮೈಸೂರಿನಲ್ಲಿ ಗಂಜೀಫಾ ಚಿತ್ರಕಲೆಗೆ ಮತ್ತೆ ಜೀವ ಕೊಟ್ಟವರು ಗಂಜೀಫಾ ರಘುಪತಿ ಭಟ್ಟರು. ಮೈಸೂರು ಗಂಜೀಫಾಕ್ಕೆ ಜಿಐ ಪಟ್ಟವೂ ಸಿಕ್ಕಿದೆ, ಮೈಸೂರು ಮಲ್ಲಿಗೆಗೆ, ನಂಜನಗೂಡು ರಸಬಾಳೆಗೆ ಸಿಕ್ಕ ಹಾಗೆ. ಆದರೆ ಅದು ಎಲೆಗೆ ಸಿಕ್ಕ ಗೌರವ. ಗೋಡೆಗೆ ತೂಗುಹಾಕಿದ ಎಲೆ ಆಟ ಆಡಲ್ಲ.

ಯಾಕೆ ಹರಡಲಿಲ್ಲ? ಇಂಗ್ಲಿಷ್ ಛಾಪಿನ ಅಗ್ಗದ 52 ಎಲೆ ಬಂತು, ಅರಮನೆಯ ಆಟ ಅಂತ ಜನ ಮುಟ್ಟಲಿಲ್ಲ, ಕಾರಣ ಏನು ಬೇಕಾದರೂ ಹೇಳಬಹುದು. ನನಗೆ ಬೇರೆ ಒಂದು ಅನುಮಾನ. ಅದನ್ನು ಪರೀಕ್ಷೆ ಮಾಡೋಕೆ ಅಂತಲೇ ಹಳೇ ಗಂಜೀಫಾ ಆಡಿ ನೋಡೋಣ ಅನ್ನಿಸಿತು.

ಕಟ್ಟು ಕೊಳ್ಳೋಕೆ ಹೋದರೆ ಜೇಬಿಗೆ ಕತ್ತರಿ. ಅಮ್ಮ ಮದುವೆ ಕರೆಯೋಲೆಗಳನ್ನು ಎಸೆಯಲ್ಲ, ಒಂದು ಡಬ್ಬಿ ತುಂಬ ಇಟ್ಟಿದ್ದಾಳೆ. ಅದರ ದಪ್ಪ ಕಾಗದದ ಮೇಲೆ ಅಮ್ಮನ ಬಳೆ ಇಟ್ಟು 96 ದುಂಡು ಬರೆದು ಕತ್ತರಿಸಿದೆವು, ನಾನೂ ಅಳಿಯನೂ. ಕತ್ತರಿಸೋಕೇ ಒಂದು ಮಧ್ಯಾಹ್ನ ಹೋಯಿತು. ಹಿಂದುಗಡೆ 'ತಮ್ಮ ಆಗಮನಾಭಿಲಾಷಿಗಳು' ಅಂತ ಚಿನ್ನದ ಅಕ್ಷರ :) ಮುಂದುಗಡೆ ಸ್ಕೆಚ್ ಪೆನ್ನಿನಲ್ಲಿ ಎಂಟು ಬಣ್ಣ. ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಆಳು, ಇವು ನಾಲ್ಕು ಗಟ್ಟಿ ಬಣ್ಣಗಳು. ಇದರಲ್ಲಿ ರಾಜ, ಮಂತ್ರಿ ಆದ ಮೇಲೆ 10 ದೊಡ್ಡದು, 1 ಸಣ್ಣದು. ವೀಣೆಯಂಥ ವಾದ್ಯ, ಚಿನ್ನದ ನಾಣ್ಯ, ಪತ್ರ, ಸರಕು, ಇವು ಬಡ ಬಣ್ಣಗಳು. ಇಲ್ಲಿ ಲೆಕ್ಕ ತಿರುಗಾಮುರುಗಾ, ಮಂತ್ರಿ ಆದ ಮೇಲೆ 1 ದೊಡ್ಡದು, 10 ಕೊನೆಗೆ. ತುರುಪು ಅನ್ನೋದೇ ಇಲ್ಲ. ಮೂರು ಜನ, ತಲೆಗೆ 32 ಎಲೆ. ಇದ್ದರೆ ಅದೇ ಬಣ್ಣ ಹಾಕಲೇಬೇಕು ಅನ್ನೋದು ಮಾತ್ರ ನಮ್ಮ ಮನೆಯ ನಿಯಮ, ಅಮ್ಮನಿಗೆ ರೂಢಿ ಇರಲಿ ಅಂತ ಮಾಡಿಕೊಂಡಿದ್ದು.

ಮೊದಲ ಆಟ. ನನ್ನ ಕೈಗೆ ಮೂರು ಬಣ್ಣದ ಮೂರು ರಾಜರು ಬಂದಿದ್ದರು. ನಾನು ಗೆದ್ದೇ ಬಿಟ್ಟೆ ಅಂತ ಒಬ್ಬೊಬ್ಬರನ್ನೂ ಇಳಿಸಿದೆ. ಮೂರು ಕೈ ಬಂತು, ಅಷ್ಟೇ. ಆಮೇಲೆ ನನ್ನ ಹತ್ತಿರ ಉಳಿದಿದ್ದು ಎಂಟೂ ಬಣ್ಣದ ಚಿಲ್ಲರೆ.

ಅಮ್ಮನ ಕೈಯಲ್ಲಿ ಕಿರೀಟದ 7 ಎಲೆ. ರಾಜ, ಮಂತ್ರಿ, 10, ಮತ್ತೆ 5, 4, 2, 1. ಉಳಿದ 5 ಕಿರೀಟ ನಮ್ಮಿಬ್ಬರಲ್ಲಿ, ನನಗೆ 3, ಅಳಿಯನಿಗೆ 2. ಅಮ್ಮ ಬೇರೆ ಯಾವ ಬಣ್ಣವನ್ನೂ ಮುಟ್ಟಲಿಲ್ಲ. ರಾಜನನ್ನು ಇಳಿಸಿದಳು, ಮಂತ್ರಿಯನ್ನು ಇಳಿಸಿದಳು, 10 ಇಳಿಸಿದಳು. ಮೂರನೇ ಸುತ್ತಿಗೆ ನಮ್ಮಿಬ್ಬರ ಕಿರೀಟವೂ ಮುಗಿದಿತ್ತು. ಆಮೇಲೆ ಆ 5, ಆ 4, ಆ 2, ಕೊನೆಗೆ ಎಲ್ಲಕ್ಕಿಂತ ಕೀಳಾದ ಆ 1, ಒಂದೊಂದೂ ಒಂದೊಂದು ಕೈ ಗೆದ್ದುಕೊಂಡು ಹೋಯಿತು. ಕೇಳೋರೇ ಇಲ್ಲ. 7 ಎಲೆಗೆ 7 ಕೈ! ಗಂಜೀಫಾದಲ್ಲಿ ಹೀಗೆ ಮೇಲಿನವರೆಲ್ಲ ಹೋಗಿ ಸೋಲಿಸೋರು ಯಾರೂ ಉಳಿಯದ ಎಲೆಗೆ ಹುಕುಂ ಅಂತಾರೆ. ಅಮ್ಮನಿಗೆ ಆ ಪದ ಗೊತ್ತಿಲ್ಲ.

"ಅಜ್ಜಿ, ನಿಂಗೆ ಇದು ಮೊದಲೇ ಬರ್ತಿತ್ತಾ?" ಅಂದ ಅಳಿಯ ಬೆರಗಾಗಿ.

"ಇಲ್ಲಪ್ಪ. ಅಷ್ಟೊಂದು ಬಣ್ಣ ನನ್ನ ತಲೇಲಿ ಎಲ್ಲಿ ಉಳಿಯುತ್ತೆ? ಒಂದೇ ನೆನಪಿಟ್ಕೊಂಡೆ" ಅಂದಳು ಅಮ್ಮ.

ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. 96 ಎಲೆಯ ಗಂಜೀಫಾ ನೆನಪಿನ ಆಟ, ಕಷ್ಟದ ಆಟ. ಆದರೂ ಮೊದಲ ದಿನ ಕೂತವನಿಗೆ ಅದರಲ್ಲಿ ಒಂದು ದಾರಿ ಇದೆ. ಉದ್ದವಾಗಿರೋ ಒಂದು ಬಣ್ಣ ಹಿಡಿ, ಅದರ 12 ಎಲೆ ಎಣಿಸು, ಅದು ಮುಗಿಯೋ ತನಕ ಬಿಡಬೇಡ. ಇದೇ ಉಪಾಯವನ್ನು ಛದಕ್ಕೆ ಹಾಕಿ ನೋಡಿ. ನೀವು ಕಷ್ಟಪಟ್ಟು ಒಂದು ಬಣ್ಣವನ್ನು ಬರಿದು ಮಾಡಿ ನಿಮ್ಮ 2ನ್ನು ಹುಕುಂ ಮಾಡಿಕೊಂಡಿರುತ್ತೀರಿ; ತುರುಪಿನ ಬಣ್ಣದ ಯಾವುದೋ ಪುಡಿ ಎಲೆ ಬಂದು ಹೊಡೆದುಕೊಂಡು ಹೋಗುತ್ತೆ. ತುರುಪು ಮುಗಿಸೋಣ ಅಂದರೆ ಜೋಕರ್ ಇದೆ. ಬಣ್ಣ 18, ಬಣ್ಣಕ್ಕೆ ಆರಾರು ಜನ ದರ್ಬಾರಿನವರು. ಪಂಡಿತರಿಗೆ, ಬೇಕಾದಷ್ಟು ಬಿಡುವಿದ್ದ ಆಸ್ಥಾನದವರಿಗೆ ಅದು ಹಬ್ಬದೂಟ. ಹೊಸಬ ಹಿಡಿದುಕೊಳ್ಳೋಕೆ ಒಂದು ಕೊಂಬೆಯೂ ಇಲ್ಲ. ಹೊಸಬರು ಬರದ ಆಟಕ್ಕೆ ಹಳಬರು ಎಲ್ಲಿಂದ ಬರಬೇಕು?

ಇದನ್ನು ಬರೆಯುವಾಗ ದೊರೆಯ ಮೇಲೆ ಕೋಪ ಏನೂ ಬರಲ್ಲ. ಕೈಯಿಂದ ಒಂದು ರಾಜ್ಯವನ್ನು ಇಡಿಯಾಗಿ ಕಿತ್ತುಕೊಂಡ ಮೇಲೆ ಮನುಷ್ಯ ಇನ್ನೊಂದು ರಾಜ್ಯವನ್ನು ಅಷ್ಟೇ ಇಡಿಯಾಗಿ ಕಟ್ಟಿಕೊಂಡ ಅಂತ ನನಗನ್ನಿಸುತ್ತೆ. ಅದರಲ್ಲಿ ಯಾವ ದೇವತೆಯನ್ನೂ ಬಿಡೋಕೆ ಮನಸ್ಸು ಬಂದಿರಲಿಕ್ಕಿಲ್ಲ. ನಮ್ಮ ಆಫೀಸಿನಲ್ಲೂ ಒಂದು ಸಾಫ್ಟ್‌ವೇರಿಗೆ ಹೀಗೇ ಒಂದೊಂದೇ ಸೌಲಭ್ಯ ಸೇರಿಸುತ್ತಾ ಹೋಗಿ, ಕೊನೆಗೆ ಬಳಸೋರು ನಾವೇ ನಾಲ್ಕು ಜನ ಅಂತ ಆಗಿದ್ದು ನೆನಪಾಯಿತು. ಅದರಲ್ಲಿ ಮೂರು ಸೌಲಭ್ಯ ನನ್ನದೇ ಕೈಚಳಕ, ಇರಲಿ ಬಿಡಿ.

ನಿಮ್ಮ ಯಾರದಾದರೂ ಅಜ್ಜನ ಮನೆ ಅಟ್ಟದ ಮೇಲೆ ದುಂಡನೆ ಎಲೆಗಳ ಮರದ ಡಬ್ಬಿ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಅದಕ್ಕಿಂತ ಮುಖ್ಯವಾಗಿ, ಆಡಿದ್ದು ನೆನಪಿರೋ ಹಿರಿಯರು ಯಾರಾದರೂ ಇದ್ದರೆ ನಿಯಮ ಬರೆದಿಟ್ಟುಕೊಳ್ಳಿ. ಎಲೆಗಳಿಗೆ ಮ್ಯೂಸಿಯಂ ಇದೆ, ಅವರ ನೆನಪಿಗಿಲ್ಲ.

ಅಕ್ಕ ಹೊರಡೋ ಹಿಂದಿನ ದಿನ ಸಂಜೆ ಮಳೆ ಬಂದು ಕರೆಂಟು ಹೋಯಿತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲವೋ ಏನೋ, ಅಳಿಯನೇ ಕರೆಯೋಲೆ ಕಟ್ಟನ್ನು ತಂದು ಮೇಣದಬತ್ತಿ ಮುಂದೆ ಹಂಚಿದ. ಗಂಜೀಫಾದಲ್ಲಿ ಹಗಲು ಹೊತ್ತು ಚಿನ್ನದ ನಾಣ್ಯದ ರಾಜ ಯಾರ ಹತ್ತಿರ ಇದ್ದಾನೋ ಅವರು ಆಟ ಶುರು ಮಾಡಬೇಕು, ಅದು ಸೂರ್ಯನ ಲೆಕ್ಕ. ರಾತ್ರಿಯಾದರೆ ಬೆಳ್ಳಿ ನಾಣ್ಯದ ರಾಜ, ಚಂದ್ರನ ಲೆಕ್ಕ. ಸೂರ್ಯ ನನ್ನ ಕೈಯಲ್ಲಿದ್ದ. ನಾನು ಇಳಿಸೋಕೆ ಕೈ ಎತ್ತಿದೆ.

"ಮಾಮ, ತಡಿ" ಅಂದು ಅಳಿಯ ಎದ್ದು ಹೋಗಿ ಬಾಗಿಲು ತೆಗೆದು ಹೊರಗೆ ನೋಡಿ ಬಂದ. "ಕತ್ತಲಾಗಿದೆ. ಅಜ್ಜಿ, ಚಂದ್ರ ನಿನ್ನ ಹತ್ರ ಇದ್ದಾನಾ?"

ಅಮ್ಮ ಆಗಲೇ ಎಲೆ ಜೋಡಿಸಿಕೊಂಡು ಕೂತಿದ್ದಳು.